ಅಪ್‌ಡೇಟ್: ಗಂಡನಿಗೆ ಹೆಪಟೈಟಿಸ್ ಬಿ ಇದ್ದರೆ ಮಕ್ಕಳಾಗುತ್ತಾ?

ಗಂಡನಿಗೆ ಬಹುಕಾಲದಿಂದ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಇದ್ದರೆ ಮಕ್ಕಳಾಗಲು ತೊಂದರೆಯೇ, ಹೆಂಡತಿಗೆ ಅಂಟುತ್ತದೆಯೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಸ್ಪಷ್ಟವಾದದ್ದು ಇಷ್ಟು.

ವೈರಸ್ ವೀರ್ಯದಲ್ಲೂ ಇರುತ್ತದೆ. ಸೋಂಕಿತರಲ್ಲಿ ವೀರ್ಯಾಣುಗಳ ಚಲನೆ ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಸೋಂಕಿದ್ದೂ ಸಹಜವಾಗಿ ತಂದೆಯಾದವರು ಬೇಕಾದಷ್ಟು ಜನ. ಊಹೆ ಬೇಡ, ಸೀಮೆನ್ ಟೆಸ್ಟ್ (ವೀರ್ಯ ಪರೀಕ್ಷೆ) ಮಾಡಿಸಿ.

2ರಿಂದ 7 ದಿನ ಸ್ಖಲನವಿಲ್ಲದೆ ಇದ್ದು, ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಸ್ಯಾಂಪಲ್ ಕೊಡಬೇಕು. ಮೊದಲ ಹನಿಗಳು ಚೆಲ್ಲಿದರೆ ನಾಚಿಕೊಳ್ಳದೆ ಹೇಳಿ. ವೀರ್ಯಾಣು ದಟ್ಟವಾಗಿರುವುದು ಅದರಲ್ಲೇ. ಸೋಪು, ಎಂಜಲು, ಮಾಮೂಲಿ ಕಾಂಡೋಮ್ ತಾಗಿದರೆ ಚಲನೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮನೆಯಿಂದ ಒಯ್ಯುವುದಾದರೆ ಮೈಗೆ ತಾಗುವ ಜೇಬಿನಲ್ಲಿಟ್ಟು 1 ಗಂಟೆಯೊಳಗೆ ತಲುಪಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೆಳಮಿತಿ: ಪ್ರಮಾಣ 1.4 ಮಿ.ಲೀ., ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲಿಸುವಂಥವು ಒಟ್ಟು ಶೇ. 42. ಇತ್ತೀಚೆಗೆ ಜೋರು ಜ್ವರ ಬಂದಿದ್ದರೆ ರಿಪೋರ್ಟ್ ನಂಬಬೇಡಿ, 3 ತಿಂಗಳು ಬಿಟ್ಟು ಮತ್ತೆ ಮಾಡಿಸಿ.

ನನ್ನ ಪ್ರಕಾರ ಇದಕ್ಕಿಂತ ತುರ್ತಿನದು ಹೆಂಡತಿಯ ರಕ್ತಪರೀಕ್ಷೆ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ 0, 1, 6ನೇ ತಿಂಗಳಿಗೆ ಲಸಿಕೆ. ಕೊನೆಯ ಡೋಸ್ ಆಗಿ 1–2 ತಿಂಗಳಿಗೆ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ರಕ್ತದಲ್ಲಿ ಬಂದ ರಕ್ಷಣೆಯ ಅಳತೆ) 10 ದಾಟಿದೆಯೇ ನೋಡಿಸಿ, ಅಲ್ಲಿಯವರೆಗೆ ಕಾಂಡೋಮ್.

ಮಗುವಿಗೋಸ್ಕರ ಎಂದು ಹೆಪಟೈಟಿಸ್ ಬಿ ವೈರಸ್ ಹತೋಟಿಯಲ್ಲಿಡುವ ಟೆನೊಫೊವಿರ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಲಿವರ್ ಉರಿಯೂತ ಭುಗಿಲೇಳಬಹುದು. ಹೆಪಟೈಟಿಸ್ ಸಿ ಇದ್ದು ಅದಕ್ಕೆ ರಿಬಾವಿರಿನ್ ಔಷಧಿ ತೆಗೆದುಕೊಂಡ ಗಂಡಸರ ಲೆಕ್ಕ ಬೇರೆ: ಅದು ಮುಗಿದ ಮೇಲೂ ಕನಿಷ್ಠ 6 ತಿಂಗಳು ಹೆಂಡತಿಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.