ಮಾವನ ಕಾಲಿನ ಗಾಯದ ಬಗ್ಗೆ

ರವಿ, ನಿನ್ನ ಮೆಸೇಜ್ ಈಗ ನೋಡಿದೆ. ಮಾವನ ಹೆಬ್ಬೆರಳು ತೆಗೆದು ಐದು ವಾರ ಆಯ್ತು, ಶುಗರ್ ಕಂಟ್ರೋಲಿಗೆ ಬಂದಿದೆ, ಆದರೂ ಗಾಯ ಯಾಕೆ ಮಾಯುತ್ತಿಲ್ಲ ಅಂತ ಕೇಳಿದ್ದೀಯ. ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು.

ಐದು ವಾರ ಆಯ್ತು ಅನ್ನುವುದಕ್ಕೇ ಗಾಬರಿ ಬೇಡ. ಸೋಂಕು ಹತ್ತಿದ ಬೆರಳು ತೆಗೆದಾಗ ಎಷ್ಟೋ ಸಲ ಹೊಲಿಗೆ ಹಾಕದೆ ಹಾಗೇ ಬಿಡುತ್ತಾರೆ. ಗಾಯ ತಳದಿಂದ ತುಂಬಿಕೊಂಡು ಬರಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಆದರೆ ವಾರ ವಾರಕ್ಕೂ ಸಣ್ಣದಾಗುತ್ತಾ ಬರಬೇಕು, ತಳ ಕೆಂಪಗಿರಬೇಕು. ನೀನು ಕಳಿಸಿದ ಫೋಟೋದಲ್ಲಿ ತಳ ಬಿಳಿಚಿಕೊಂಡಿದೆ, ಅಂಚು ಕಪ್ಪಾಗಿದೆ. ಇಷ್ಟು ವರ್ಷ ಡ್ರೆಸ್ಸಿಂಗ್ ಮಾಡಿದವಳು ನಾನು, ನನಗೆ ಅದು ಸರಿ ಕಾಣಲಿಲ್ಲ.

ಶುಗರ್ ಸರಿಯಾದರೆ ಸಾಲದು, ಗಾಯದವರೆಗೆ ರಕ್ತ ಹೋಗಬೇಕಲ್ವಾ? ತುಂಬಾ ವರ್ಷದಿಂದ ಶುಗರ್ ಇರುವವರಿಗೆ ಮೊಣಕಾಲಿನ ಕೆಳಗಿನ ರಕ್ತನಾಳಗಳು ಕಟ್ಟಿಕೊಳ್ಳುವುದು ಜಾಸ್ತಿ. ಮಾವನಿಗೆ ಬೀಡಿ ಬೇರೆ. ಕಾಲಿನ ಬಿಪಿ ನೋಡಿ ನಾರ್ಮಲ್ ಅಂದರು ಅಂತ ಬರೆದಿದ್ದೀಯ. ಅದೊಂದನ್ನೇ ನಂಬಬೇಡ. ಶುಗರ್ ಇರುವವರ ರಕ್ತನಾಳದ ಗೋಡೆಯಲ್ಲಿ ಎಷ್ಟೋ ಸಲ ಕ್ಯಾಲ್ಸಿಯಂ ಕೂತು ಗಟ್ಟಿಯಾಗಿರುತ್ತದೆ. ಬಿಪಿ ನೋಡುವ ಪಟ್ಟಿ ಬಿಗಿದರೂ ಅದು ಅಮುಕುವುದಿಲ್ಲ, ಹಾಗಾಗಿ ರಕ್ತ ಕಡಿಮೆ ಹರಿಯುತ್ತಿದ್ದರೂ ಬಿಪಿ ಚೆನ್ನಾಗಿಯೇ ಕಾಣುತ್ತದೆ. ಡಾಪ್ಲರ್ ಅಂತ, ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್ ಇದೆ, ಅದನ್ನು ಮಾಡಿಸು, ಉಳಿದ ಬೆರಳಿನ ಬಿಪಿಯನ್ನೂ ನೋಡಿ ಅಂತ ಕೇಳು. ಬೆರಳಿನಲ್ಲಿ 30ಕ್ಕಿಂತ ಕಡಿಮೆ ಬಂದರೆ ಗಾಯ ತಾನಾಗಿ ಮಾಯುವುದು ಬಹಳ ಕಷ್ಟ. ಆಗ ರಕ್ತನಾಳದ ಸರ್ಜನ್ ನೋಡಲೇಬೇಕು, ಆಂಜಿಯೋಪ್ಲಾಸ್ಟಿ ಮಾಡಿ ದಾರಿ ಬಿಡಿಸಲು ಆಗುತ್ತದಾ ಅಂತ ಹೇಳುತ್ತಾರೆ. ಇದಕ್ಕೆ ತಡ ಮಾಡಬೇಡ ಕಣೋ, ಪಾದ ಉಳಿಯುವುದು ಇದರ ಮೇಲೆಯೇ ಇದೆ. ಮೂಳೆಯ ತುದಿಯಲ್ಲಿ ಸೋಂಕು ಉಳಿದಿದೆಯಾ ಅಂತಲೂ ಎಕ್ಸ್‌ರೇ ತೆಗೆಸಿ ಕೇಳು.

ಇನ್ನೊಂದು. ನೋವೇ ಇಲ್ಲ ಅಂತ ಮಾವ ಮನೆಯೆಲ್ಲ ಓಡಾಡುತ್ತಿದ್ದಾರೆ ಅಂದೆಯಲ್ಲ, ಅದು ಒಳ್ಳೆಯ ಸೂಚನೆ ಅಲ್ಲ. ನರಗಳು ಸತ್ತು ಸ್ಪರ್ಶ ಹೋಗಿರುವುದರಿಂದ ನೋವು ಗೊತ್ತಾಗುತ್ತಿಲ್ಲ. ಬಚ್ಚಲಿಗೆ ಹೋಗಿಬಂದರೂ ಗಾಯದ ಮೇಲೆ ಭಾರ ಬೀಳುತ್ತದೆ, ಹೊಸದಾಗಿ ಬೆಳೆದ ಮಾಂಸ ಜಜ್ಜಿಹೋಗುತ್ತದೆ. ಪಾದದ ಮುಂಭಾಗ ನೆಲಕ್ಕೆ ತಾಗದಂತೆ ಹಿಮ್ಮಡಿಯ ಮೇಲೆ ಭಾರ ಹೊರುವ ಚಪ್ಪಲಿ ಸಿಗುತ್ತದೆ, ವಾಕರ್ ಜೊತೆ ಅದನ್ನು ಹಾಕಿಸು. ಹವಾಯಿ ಚಪ್ಪಲಿ ಬೇಡವೇ ಬೇಡ. ಇನ್ನೊಂದು ಕಾಲನ್ನೂ ದಿನಾ ನೋಡಿ, ಈಗ ಭಾರವೆಲ್ಲ ಅದರ ಮೇಲೆ.

ಅತ್ತೆ, ನೀವು ಅರಿಶಿನ ಹಚ್ಚುವುದು, ಬಿಸಿನೀರಲ್ಲಿ ಕಾಲು ಇಡಿಸುವುದು ಪ್ರೀತಿಯಿಂದಲೇ ಅಂತ ಗೊತ್ತು. ಆದರೆ ನಿಲ್ಲಿಸಿ. ಬಿಸಿ ಗೊತ್ತಾಗದ ಕಾಲು ಸುಟ್ಟರೂ ಮಾವನಿಗೆ ತಿಳಿಯುವುದಿಲ್ಲ. ಬರೀ ಗಂಜಿಯೂ ಸಾಲದು. ಕಿಡ್ನಿ ರಿಪೋರ್ಟ್ ತೋರಿಸಿ, ಪ್ರೋಟೀನ್ ಎಷ್ಟು ಕೊಡಬಹುದು ಅಂತ ಡಾಕ್ಟರನ್ನು ಕೇಳಿ, ಮೊಟ್ಟೆ, ಬೇಳೆ, ಮೊಳಕೆ ಕಾಳು ಕೊಡಿ.

ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗ ಇದೆ, ವಿಚಾರಿಸು. ಜ್ವರ, ವಾಸನೆ, ಮೇಲಕ್ಕೆ ಹಬ್ಬುವ ಕೆಂಪು, ಇದ್ದಕ್ಕಿದ್ದಂತೆ ಏರುವ ಶುಗರ್, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ನಾಳೆ ಡಾಪ್ಲರ್ ಆದ ಕೂಡಲೇ ರಿಪೋರ್ಟ್ ಇಲ್ಲೇ ಹಾಕು. ಬೀಡಿ ವಿಷಯ ಸಂಜೆ ಫೋನ್ ಮಾಡಿ ಮಾವನ ಹತ್ತಿರ ನಾನೇ ಮಾತಾಡುತ್ತೇನೆ.