ಗುಂಪು ನೂರು ದಾಟಿತು, ಇನ್ನು ನಡೆಸೋದು ಯಾರು? ಅನುಭವ ಇದ್ದವರು ಹೇಳಿ

ಕುಂಬಳೆಯಿಂದ (ಕಾಸರಗೋಡು ಜಿಲ್ಲೆ) ಪ್ರಶ್ನೆ:
ಕೋವಿಡ್ ಗಲಾಟೆ ಮುಗಿದ ಮೇಲೆ ನಾವು ನಾಲ್ಕೈದು ಜನ ಶಾಲೆಯ ಮೈದಾನದಲ್ಲಿ ಬೆಳಿಗ್ಗೆ ವ್ಯಾಯಾಮ ಶುರು ಮಾಡಿದೆವು. ಈಗ ನೂರು ದಾಟಿದೆ. ಬದಿಯಡ್ಕದವರು, ಉಪ್ಪಳದವರು ‘ನಮ್ಮಲ್ಲೂ ಒಂದು ಮಾಡಿ’ ಎನ್ನುತ್ತಿದ್ದಾರೆ. ಆದರೆ ಗೇಟಿನ ಬೀಗದ ಕೈ, ಸ್ಪೀಕರ್, ವಾಟ್ಸಾಪ್, ದುಡ್ಡು ಎಲ್ಲವೂ ನನ್ನ ಹತ್ತಿರವೇ ಉಂಟು. ನಾನು ಮದುವೆಗೆ ಹೋದ ದಿನ ಯಾರಿಗೂ ವ್ಯಾಯಾಮ ಇಲ್ಲ. ನಡೆಸಲು ಒಂದು ತಂಡ ಬೇಕು. ಯಾರನ್ನು ಆರಿಸೋದು, ಯಾರಿಗೆ ಏನು ವಹಿಸೋದು? ಮಾಡಿ ನೋಡಿದವರು ಹೇಳಿ.

ಮಂಜೇಶ್ವರದಿಂದ:
ಚೆನ್ನಾಗಿ ವ್ಯಾಯಾಮ ಮಾಡುವವರನ್ನು ಹುಡುಕಬೇಡಿ. ಹೇಳದೆಯೇ ಕೆಲಸ ಮಾಡುವವರು ಯಾರು ಅಂತ ಒಂದು ವಾರ ಸುಮ್ನೆ ನಿಂತು ನೋಡಿ. ನಮ್ಮಲ್ಲಿ ಅಡಿಕೆ ವ್ಯಾಪಾರದವರು ಒಬ್ಬರಿದ್ದಾರೆ. ಅವರಿಗೆ ಹತ್ತು ಪುಶ್‌ಅಪ್ ನೆಟ್ಟಗೆ ಬರುವುದಿಲ್ಲ. ಆದರೆ ಎಲ್ಲರಿಗಿಂತ ಮೊದಲು ಬಂದು ಮೈದಾನದಲ್ಲಿ ಬಿದ್ದ ಗಾಜಿನ ಚೂರು ಹೆಕ್ಕುತ್ತಾರೆ. ಹೊಸಬರು ಗೇಟಿನ ಹತ್ತಿರ ನಾಚಿಕೊಂಡು ನಿಂತರೆ ಹೋಗಿ ಕರೆದುಕೊಂಡು ಬರುತ್ತಾರೆ. ಯಾರಾದರೂ ಎರಡು ಮೂರು ದಿನ ಕಾಣದಿದ್ದರೆ ಫೋನ್ ಮಾಡಿ ವಿಚಾರಿಸುತ್ತಾರೆ. ಬೆಳಗಿನ ಬ್ಯಾಚ್ ಈಗ ಪೂರ್ತಿ ಅವರದ್ದೇ.

ಇನ್ನೊಂದು ನಿಮಗೂ ಗೊತ್ತಿರುವ ಕಥೆ. ಒಳ್ಳೆ ಹುಡುಗ ಸಿಕ್ಕಿದ, ಎಲ್ಲ ಕಲಿತ ಅನ್ನುವಷ್ಟರಲ್ಲಿ ಅವನಿಗೆ ವೀಸಾ ಬರುತ್ತದೆ. ಮುಂದಿನ ವಾರ ದುಬೈ. ಕಾಸರಗೋಡಿನಲ್ಲಿ ತಂಡ ಕಟ್ಟುವವರು ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಪ್ರತಿ ಕೆಲಸಕ್ಕೂ ಇಬ್ಬರು. ಒಬ್ಬರು ಮಾಡಲಿ, ಇನ್ನೊಬ್ಬರು ಜೊತೆಗಿರಲಿ. ತಿಂಗಳಿಗೊಂದು ವಾರ ಅದಲುಬದಲು. ಆ ವಾರ ಮೊದಲನೆಯವರು ಬಾಯಿ ಹಾಕಬಾರದು. ಅದೇ ಕಷ್ಟ ಮಾರಾಯ್ರೆ, ಮೈದಾನದಲ್ಲೇ ನಿಂತು ಸುಮ್ಮನಿರುವುದು! ಇಬ್ಬರಲ್ಲಿ ಒಬ್ಬರಾದರೂ ಊರು ಬಿಡದವರಾಗಿರಲಿ. ಮೇಷ್ಟ್ರು, ಅಂಗಡಿಯವರು, ತೋಟದವರು, ಯಾರಾದರೂ.

ತಂಡದಲ್ಲಿ ಒಂದೇ ಮನೆಮಾತಿನವರು ತುಂಬಿಕೊಂಡರೆ ಉಳಿದವರು ನಿಧಾನಕ್ಕೆ ಕಡಿಮೆಯಾಗುತ್ತಾರೆ. ಯಾರೂ ಜಗಳ ಮಾಡುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ ಅಷ್ಟೇ. ನಮ್ಮಲ್ಲಿ ಎಣಿಸುವವರು ದಿನಕ್ಕೊಬ್ಬರು. ಒಂದು ದಿನ ‘ಒಂಜಿ, ರಡ್ಡ್, ಮೂಜಿ’, ಮರುದಿನ ‘ಒನ್ನ್, ರಂಡ್, ಮೂನ್ನ್’, ಇನ್ನೊಂದು ದಿನ ಕನ್ನಡ. ಬ್ಯಾರಿ, ಕೊಂಕಣಿಯವರದ್ದೂ ಸರದಿ ಬರುತ್ತದೆ. ನಗು ಜಾಸ್ತಿ, ಆದರೆ ಮುಂದೆ ನಿಲ್ಲಲು ಹೆದರುತ್ತಿದ್ದವರೆಲ್ಲ ನಿಂತದ್ದು ಹಾಗೆಯೇ. ಆಮೇಲೆ ರಂಜಾನ್ ತಿಂಗಳಲ್ಲಿ ಬೆಳಗಿನ ಬ್ಯಾಚಿಗೆ ಯಾರು ಬರಲಾರರು, ತೆಯ್ಯಂ, ಕೋಲ, ಯಕ್ಷಗಾನ ಅಂತ ರಾತ್ರಿ ನಿದ್ದೆ ಬಿಟ್ಟವರಿಗೆ ಮರುದಿನ ಏನು ಮಾಡಿಸಬೇಕು, ಇದೆಲ್ಲ ತಂಡದೊಳಗೇ ಗೊತ್ತಿರುವವರು ಇರಬೇಕು.

ಹೆಂಗಸರ ಬ್ಯಾಚಿಗೆ ಹೆಂಗಸರೇ ಮುಂದಾಳು. ಬರೀ ಹೆಸರಿಗಲ್ಲ. ಗಂಡಸರು ಕೂತು 5.45 ಅಂತ ಸಮಯ ಇಟ್ಟರೆ ಯಾರು ಬರುತ್ತಾರೆ? ಆ ಹೊತ್ತಿಗೆ ಅವರು ಒಲೆ ಮುಂದೆ ಇರುತ್ತಾರೆ. ನಮ್ಮಲ್ಲಿ ಅದನ್ನು ವಹಿಸಿಕೊಂಡ ಅಕ್ಕ ಮಕ್ಕಳು ಶಾಲೆಗೆ ಹೋದ ಮೇಲಿನ ಸಮಯ ಇಟ್ಟರು. ರಸ್ತೆಗೆ ಕಾಣುವ ಮೈದಾನ ಬೇಡ, ಹಾಲ್ ಬೇಕು ಎಂದರು. ಹಾಲಿನ ಕೀ ಅವರ ಕೈಯಲ್ಲೇ ಇದೆ. ಯಾರನ್ನೂ ಕೇಳಿ ತೆರೆಯಬೇಕಾಗಿಲ್ಲ.

ಹೊಸೂರಿನಿಂದ:
ನಮ್ಮ ಗುಂಪಿನಲ್ಲಿ ಅರ್ಧಕ್ಕರ್ಧ ಫ್ಯಾಕ್ಟರಿಯವರು. ಈ ವಾರ ಬೆಳಗಿನ ಶಿಫ್ಟ್, ಮುಂದಿನ ವಾರ ರಾತ್ರಿ. ಒಬ್ಬನೇ ಲೀಡರ್ ಅನ್ನುವ ಮಾತೇ ನಡೆಯುವುದಿಲ್ಲ. ಅದಕ್ಕೆ ಕೆಲಸದ ಜಾಗದ ಹ್ಯಾಂಡೋವರ್ ಪುಸ್ತಕವನ್ನೇ ಇಲ್ಲಿಗೂ ತಂದೆವು. ಎರಡು ರೂಪಾಯಿ ಪೆನ್ನು, ಒಂದು ನೋಟ್‌ಬುಕ್. ಅದರಲ್ಲಿ ಬರೆಯುವುದು ಹೀಗೆ: ‘ಬುಧವಾರ. ಸ್ಪೀಕರ್ ಚಾರ್ಜ್ ಇಲ್ಲ. ಹೊಸಬರು ಇಬ್ಬರು. ನೀಲಿ ಟೀಶರ್ಟಿನವರಿಗೆ ಬಿಪಿ ಮಾತ್ರೆ ನಡೆಯುತ್ತಿದೆ, ಉಸಿರು ಕಟ್ಟುವ ವ್ಯಾಯಾಮ ಬೇಡ. ಗೇಟ್ ಕೀ ಹಾಲಿನಂಗಡಿಯಲ್ಲಿದೆ.’ ಮರುದಿನ ಯಾರು ಬಂದರೂ ಓದಿ ಶುರು ಮಾಡಬಹುದು.

ಪಾರ್ಕ್‌ರನ್ ಅಂತ ಕೇಳಿರಬಹುದು. ಲಂಡನ್ನಿನ ಬುಶಿ ಪಾರ್ಕಿನಲ್ಲಿ 2004ರಲ್ಲಿ 13 ಜನ ಓಡಿ ಶುರುವಾದದ್ದು, ಈಗ ಎಷ್ಟೋ ದೇಶಗಳಲ್ಲಿದೆ. ವಾರಕ್ಕೊಮ್ಮೆ 5 ಕಿಲೋಮೀಟರ್, ದುಡ್ಡಿಲ್ಲ. ಸಮಯ ಬರೆದುಕೊಳ್ಳುವವರು, ದಾರಿ ತೋರಿಸುವವರು ಎಲ್ಲ ಸ್ವಯಂಸೇವಕರೇ. ಎಲ್ಲರಿಗಿಂತ ಹಿಂದೆ ನಡೆಯಲು ಅಂತಲೇ ಒಬ್ಬರಿರುತ್ತಾರೆ. ಅವರು ಇರುವ ತನಕ ಬೇರೆ ಯಾರೂ ಕೊನೆಯವರಾಗುವುದಿಲ್ಲ. ಕೆರೆ ಸುತ್ತುವಾಗ ನಾವೂ ಅದನ್ನು ಮಾಡುತ್ತೇವೆ. ಮೊದಲ ಸಲ ಜವಾಬ್ದಾರಿ ಕೊಡಲು ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಮಾತಾಡಲು ತಾಳ್ಮೆ ಇದೆಯಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ.

ವಾಟ್ಸಾಪ್ ಬಗ್ಗೆ ಒಂದು ಮಾತು. ಒಂದು ಗುಂಪಿಗೆ 1024 ಜನ ಹಿಡಿಯುತ್ತಾರೆ, ಹಾಗಂತ ತುಂಬಬೇಡಿ. ಸೂಚನೆಗೆ ಅಡ್ಮಿನ್ ಮಾತ್ರ ಬರೆಯುವ ಒಂದು ಗುಂಪು, ಹರಟೆಗೆ ಬೇರೆ. ಗುಡ್ ಮಾರ್ನಿಂಗ್ ಹೂವುಗಳೆಲ್ಲ ಅಲ್ಲಿಗೆ ಹೋಗಲಿ.

ಆದೋನಿಯಿಂದ:
ನನ್ನದು ಸ್ವಲ್ಪ ಉಲ್ಟಾ ಮಾತು. ಅಧ್ಯಕ್ಷ, ಉಪಾಧ್ಯಕ್ಷ, ಗೌರವಾಧ್ಯಕ್ಷ ಇವೆಲ್ಲ ಬೇಡವೇ ಬೇಡ. ನಮ್ಮ ಊರಿನ ಒಂದು ವಾಕಿಂಗ್ ಗುಂಪು ಒಡೆದದ್ದು ಫ್ಲೆಕ್ಸ್ ಬೋರ್ಡಿನಲ್ಲಿ ಯಾರ ಫೋಟೋ ದೊಡ್ಡದು ಅನ್ನುವುದಕ್ಕೆ. ವ್ಯಾಯಾಮಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ! ಕೆಲಸಕ್ಕೆ ಹೆಸರಿಡಿ, ಮನುಷ್ಯರಿಗಲ್ಲ. ‘ಕೀ ನೋಡುವವರು’, ‘ಹೊಸಬರನ್ನು ನೋಡುವವರು’, ಇಷ್ಟು ಸಾಕು.

ಕುಂಬಳೆಯಿಂದ:
ಫ್ಲೆಕ್ಸ್ ಮಾತು ಬಂತಲ್ಲ, ನಮ್ಮಲ್ಲಿ ಈಗಲೇ ಒಂದು ಪಕ್ಷದವರು ಟೀಶರ್ಟ್ ಹೊಲಿಸಿ ಕೊಡುತ್ತೇವೆ ಎಂದು ಬಂದಿದ್ದಾರೆ. ಏನು ಹೇಳೋದು? ದುಡ್ಡು ಹೇಗೆ ನೋಡಿಕೊಳ್ಳೋದು?

ಕಾಸರಗೋಡು ಪೇಟೆಯಿಂದ:
‘ಬೇಡ’ ಅಂತ ನೀವೊಬ್ಬರೇ ಹೇಳಿದರೆ ನಿಮ್ಮ ಮೇಲೆ ಸಿಟ್ಟು. ತಂಡ ಕೂತು ತೀರ್ಮಾನಿಸಿ ಪುಸ್ತಕದಲ್ಲಿ ಬರೆದು, ಎಲ್ಲ ಪಕ್ಷದವರಿಗೂ ಅದೇ ಉತ್ತರ ಕೊಟ್ಟರೆ ಮುಗಿಯಿತು. ಮಲಪ್ಪುರಂ ಜಿಲ್ಲೆಯ ಕೊಂಡೋಟ್ಟಿ ಕಡೆ ಶುರುವಾದ ಮೆಕ್ 7 ಅನ್ನುವ ವ್ಯಾಯಾಮ ಕೂಟ ನೋಡಿ. 21 ಬಗೆಯ ವ್ಯಾಯಾಮ, ಎಲ್ಲ ಕಡೆ ಅದೇ. ಹಾಗಾಗಿ ಒಂದು ಕಡೆ ಕಲಿತವರು ಇನ್ನೊಂದು ಕಡೆ ನಡೆಸಬಹುದು, ಅಷ್ಟು ಬೇಗ ಹರಡಿತು. ಹರಡಿದ ಮೇಲೆ 2024ರ ಕೊನೆಗೆ ಅದರ ಹಿಂದೆ ಯಾರಿದ್ದಾರೆ ಅಂತ ಕೇರಳದಲ್ಲಿ ರಾಜಕೀಯ ಚರ್ಚೆಯೂ ಆಯಿತು. ಗುಂಪು ದೊಡ್ಡದಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಲೆಕ್ಕ ಎಲ್ಲರ ಕಣ್ಣೆದುರು ಇದ್ದರೆ ಉತ್ತರ ಸುಲಭ.

ದುಡ್ಡು ನಿಮ್ಮ ಸ್ವಂತ ಗೂಗಲ್ ಪೇಗೆ ಬರುವುದನ್ನು ನಿಲ್ಲಿಸಿ. ಸಂಘ ನೋಂದಣಿ ಮಾಡಿಸಿ. ನಮ್ಮ ಮಲಬಾರ್ ಭಾಗಕ್ಕೆ 1860ರ ಸೊಸೈಟಿ ಕಾಯ್ದೆ, ಕಡಿಮೆ ಅಂದರೆ 7 ಜನ ಬೇಕು. ಆಮೇಲೆ ಸಂಘದ ಹೆಸರಲ್ಲಿ ಖಾತೆ, ಇಬ್ಬರ ಸಹಿ. ಆದೋನಿಯವರು ಹೇಳಿದ್ದು ಸರಿ, ಆದರೆ ಕಾಗದದ ಮೇಲೆ ಅಧ್ಯಕ್ಷ, ಕಾರ್ಯದರ್ಶಿ ಬೇಕಾಗುತ್ತಾರೆ. ಅದು ಕಾಗದದಲ್ಲೇ ಇರಲಿ.

ತಂಡದಲ್ಲಿ ಇಬ್ಬರಾದರೂ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ) ಕಲಿತಿರಬೇಕು. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ಓದಿದರೆ ಬರುವುದಿಲ್ಲ, ಬೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು. 108ಕ್ಕೆ ಫೋನ್ ಮಾಡುವವರು ಯಾರು, ರಸ್ತೆಯಲ್ಲಿ ನಿಂತು ಆಂಬ್ಯುಲೆನ್ಸಿಗೆ ದಾರಿ ತೋರಿಸುವವರು ಯಾರು, ಹತ್ತಿರದ ಆಸ್ಪತ್ರೆಯೋ ಮಂಗಳೂರೋ, ಇದನ್ನೆಲ್ಲ ಮೊದಲೇ ಮಾತಾಡಿಟ್ಟುಕೊಳ್ಳಿ. ನಲವತ್ತು ದಾಟಿದವರೇ ಜಾಸ್ತಿ ಬರುತ್ತಾರೆ, ಅಲ್ವಾ?

ಅಕ್ಕಲಕೋಟೆಯಿಂದ:
ನಮ್ಮ ಕಡೆ ತಾಲೀಮು, ಅಂದರೆ ಕುಸ್ತಿಯ ಗರಡಿಮನೆಗಳು ಇದ್ದವು, ಈಗಲೂ ಕೆಲವು ಇವೆ. ಅಲ್ಲಿ ಕುಸ್ತಿ ಗೆಲ್ಲುವ ಪೈಲ್ವಾನ ಬೇರೆ, ಹುಡುಗರಿಗೆ ಕಲಿಸುವ ವಸ್ತಾದ ಬೇರೆ. ನಾವು ಮುಂದಾಳು ಆರಿಸುವಾಗ ಇದನ್ನೇ ನೋಡುತ್ತೇವೆ. ಎಂದೂ ಬೈಠಕ್ (ಬಸ್ಕಿ) ಹೊಡೆಯದ ಒಬ್ಬರನ್ನು ಎದುರಿಗೆ ನಿಲ್ಲಿಸಿ ಕಲಿಸಲು ಹೇಳುತ್ತೇವೆ. ಕೆಲವರು ತಾವೇ ಐವತ್ತು ಹೊಡೆದು ತೋರಿಸುತ್ತಾರೆ. ಕೆಲವರು ಮಂಡಿ ನೋವು ಇದೆಯಾ ಅಂತ ಮೊದಲು ಕೇಳುತ್ತಾರೆ, ಕುರ್ಚಿ ತರಿಸಿ ಅದರ ಮೇಲೆ ಕೂರಿಸಿ ಏಳಿಸುತ್ತಾರೆ. ಎರಡನೆಯವರೇ ಬೇಕು ನೋಡ್ರಿ.

ಇನ್ನೊಂದು, ಏನು ಮಾಡಿಸಬೇಕು ಅನ್ನುವ ಪಟ್ಟಿ ಗೋಡೆಗೆ ಅಂಟಿಸಿರಲಿ. ಇಲ್ಲದಿದ್ದರೆ ದಿನಕ್ಕೊಬ್ಬ ಲೀಡರ್ ತನ್ನ ಶೌರ್ಯ ತೋರಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ 2 ದಿನವಾದರೂ ಸ್ನಾಯು ಗಟ್ಟಿಯಾಗುವ ವ್ಯಾಯಾಮ. ನಮ್ಮ ಪಟ್ಟಿ ಅದರ ಮೇಲೆಯೇ ಮಾಡಿದ್ದು.

ಕುಂಬಳೆಯಿಂದ:
ಬದಿಯಡ್ಕದಲ್ಲಿ ಮೇ ಕೊನೆಗೆ ಶುರು ಮಾಡೋಣ ಅಂತಿದ್ದೆ. ಸರಿಯಾ?

ಮಂಜೇಶ್ವರದಿಂದ:
ಬೇಡ. ಜೂನ್ ಬಂದರೆ ಮುರಕಲ್ಲಿನ ಮೈದಾನದಲ್ಲಿ ಪಾಚಿ, ಯಾರಾದರೂ ಜಾರಿ ಬೀಳುತ್ತಾರೆ. ಹೊಸ ಗುಂಪು ಮೊದಲ ಮಳೆಗೇ ಚದುರುತ್ತದೆ. ಮಳೆಗಾಲ ಪೂರ್ತಿ ಅಲ್ಲಿಯವರು ಇಬ್ಬರು, ಸಾಧ್ಯವಾದರೆ ಮೂವರು, ನಿಮ್ಮಲ್ಲಿಗೇ ಬಂದು ನಡೆಸಿ ಕಲಿಯಲಿ. ಅಕ್ಟೋಬರಿನಲ್ಲಿ ಅವರೇ ಶುರು ಮಾಡಲಿ. ನಿಮ್ಮ ಗುಂಪಿಗೂ ಹಾಲ್ ಈಗಲೇ ಮಾತಾಡಿಡಿ, ಮೇ ತಿಂಗಳ ಮದುವೆ ಬುಕಿಂಗ್ ಮುಗಿದ ಮೇಲೆ ಬಾಡಿಗೆ ಸ್ವಲ್ಪ ಇಳಿಸುತ್ತಾರೆ.