ದಾರಿ ಇಲ್ಲದ ಬರ್ಫಿನ ಗುಡ್ಡಕ್ಕ ಸ್ನೋಶೂ: 25 ಇಂಚಿಂದೋ, 30 ಇಂಚಿಂದೋ?

ತೊಗರಿನಾಡು, ಕಲಬುರಗಿ

ನಮಸ್ಕಾರ ರೀ. ಹೋದ ಡಿಸೆಂಬರ್‌ನಾಗ ಉತ್ತರಾಖಂಡದ ಕೇದಾರಕಂಠ ಹತ್ತಿ ಬಂದೀನಿ. ಎತ್ತರ ಸುಮಾರು 3,800 ಮೀಟರ್ ಖರೆ, ಆದ್ರ ಮಂದಿ ತುಳಿದು ತುಳಿದು ಬರ್ಫ ಗಟ್ಟಿಯಾಗಿತ್ತು, ತುದ್ಯಾಗ ಫೋಟೋಕ್ಕ ಪಾಳಿ ಹಚ್ಚಬೇಕಾತು. ಈ ಸಲ ಜನವರಿ ಕೊನೀಗೆ ನಾವು ಮೂರು ಮಂದಿ ಗೆಳೆಯರು, ಅಲ್ಲಿನ ಸಾಂಕ್ರಿ ಊರಿನ ಒಬ್ಬ ಗೈಡ್ ಜೊತಿ, ಅದೇ ಸೀಮ್ಯಾಗ ಯಾರೂ ಹೋಗದ ಒಂದು ತುದಿಗೆ ಹೋಗಬೇಕಂತ ಮಾಡೀವಿ. ನಕ್ಷೆದಾಗ ಅದಕ್ಕ ಹೆಸರೇ ಇಲ್ಲ. ಸೊಂಟದ ತನಕ ಬರ್ಫ ಇರ್ತದ, ಸ್ನೋಶೂ (ಬರ್ಫಿನಾಗ ಕಾಲು ಹುಗಿಬಾರದಂತ ಬೂಟಿನ ಕೆಳಗ ಕಟ್ಟೋ ಅಗಲ ಚೌಕಟ್ಟು) ಇಲ್ಲಂದ್ರ ಆಗಂಗಿಲ್ಲ ಅಂತಾನ ಗೈಡ್.

ನನ್ನ ತೂಕ 82 ಕಿಲೋ, ಚೀಲ 15. ಯಾವ ಅಳತಿ ತಗೋಬೇಕು? ಮತ್ತ ಕಲಬುರಗ್ಯಾಗ ಇದಕ್ಕ ಪ್ರಾಕ್ಟೀಸ್ ಹ್ಯಾಂಗ? ನಗಬ್ಯಾಡ್ರಿ.

ಬೀದರ್‌ದವ

ನಗದೇ ಇರೋದು ಕಷ್ಟ ಅದ ಅಣ್ಣ! ಆದ್ರೂ ಹೇಳ್ತೀನಿ. ಟ್ರ್ಯಾಕ್ಟರ್ ಹೊಡೆದ ಎರಿ ಹೊಲದಾಗ ಚೀಲ ಹೊತ್ತು, ಮೊಣಕಾಲು ಎತ್ತಿ, ಕಾಲು ಅಗಲಿಸಿ ನಡೀರಿ. ರವಿವಾರ ಯಾದಗಿರಿ ಕೋಟೆ ಗುಡ್ಡ ಹತ್ತಿ ಇಳೀರಿ. ತೊಡಿ ಗಟ್ಟಿ ಆಗ್ತಾವ. ಥಂಡಿ ಮಾತ್ರ ನಮ್ಮ ಕಡಿ ಸಿಗಂಗಿಲ್ಲ.

ಮಾಜಿ ಹವಾಲ್ದಾರ್, ಶಹಾಪುರ

ತಮ್ಮಾ, ಇಂಚಿನ ಮಾತು ಮೊದಲು ಮುಗಸ್ತೀನಿ, ಅದು ಸಣ್ಣದು. ಮೈತೂಕಕ್ಕ ಚೀಲದ ತೂಕ ಕೂಡಿಸಬೇಕು. ನಿಂದು 97 ಆತು. ಪುಡಿ ಬರ್ಫಿಗೆ 30 ಇಂಚಿಂದೇ ತಗೋ. ಗಿಡದ ಸಂದ್ಯಾಗ ತಿರುಗಾಕ ತೊಡಕಾಗ್ತದ, ತಡಕೋ. ಏರಿನಾಗ ಹಿಮ್ಮಡಿ ಕೆಳಗ ಎತ್ತಿ ನಿಲ್ಲಿಸೋ ತಂತಿ ಇರೋದು ನೋಡು, ಇಲ್ಲಂದ್ರ ಮೀನಖಂಡ ಹಿಡ್ಕೊಂಡು ಕೂಡ್ತಿ. ಸ್ನೋಶೂ ಹಾಕಿದ್ರೂ ಗೇಣು ಇಳೀತದ. ಅದಕ್ಕ ಮುಂದ ದಾರಿ ತುಳಿಯೋನ್ನ ಹತ್ತು-ಹದಿನೈದು ನಿಮಿಷಕ್ಕ ಬದಲಸ್ರಿ. ಬೆವರು ಬಂದ ಮ್ಯಾಲ ಬದಲಸಿದ್ರ ಉಪಯೋಗಿಲ್ಲ, ನಿಂತ ಕೂಡಲೇ ಆ ಅಂಗಿ ಮೈಗೆ ಕೊರೀತದ. ಕಾಟನ್ ಬನಿಯನ್ ಮನ್ಯಾಗ ಇಡು. ಕಾಶ್ಮೀರದ ಕುಪ್ವಾರಾ ಕಡೆ ನಾವು ಗಸ್ತಿಗೆ ಹೋದಾಗ ಗಂಟೆಗೆ ಒಂದು ಕಿಲೋಮೀಟರ್ ಆದ್ರ ಛಲೋ ನಡದೀವಿ ಅಂತಿದ್ವಿ.

ಈಗ ನೀ ಕೇಳದೇ ಇದ್ದ ಮಾತು: ಇಳಿಜಾರು. ತುಳಿದ ದಾರಿ ಇದ್ದಲ್ಲಿ ಯಾರೋ ಮೊದಲೇ ನೋಡಿರ್ತಾರ. ದಾರಿ ಬಿಟ್ಟ ಮ್ಯಾಲ ನೀವೇ ನೋಡಬೇಕು. 30ರಿಂದ 45 ಡಿಗ್ರಿ ಇಳಿಜಾರಿನಾಗೇ ಹೆಚ್ಚು ಬರ್ಫ ಜಾರೋದು. ಕೋಲನ್ನ ಇಳಿಜಾರಿನ ಮ್ಯಾಲ ಮಲಗಿಸಿ, ಮೊಬೈಲ್ ಇಟ್ಟು ಅಳೀಬಹುದು. ಹಳೇ ಸಡಿಲ ಬರ್ಫಿನ ಮ್ಯಾಲ ಹೊಸದು ಕೂತಿರ್ತದ. ಕಣದಾಗ ತೊಗರಿ ರಾಶಿಯ ಬುಡ ಕೆದರಿದ್ರ ಮ್ಯಾಲಿಂದು ಜರೀತದಲ್ಲ, ಹಂಗ. ದೊಡ್ಡ ಬರ್ಫ ಬಿದ್ದ ಮ್ಯಾಲ ಎರಡು ದಿನ ಊರಾಗೇ ಕೂಡ್ರಿ. ಕಾಲ ಕೆಳಗ ಧಪ್ ಅಂತ ಕುಸಿದ ಸದ್ದು ಬಂತು, ಬಿರುಕು ಓಡಿತು, ಅಂದ್ರ ಹೆಚ್ಚು ಮಾತಿಲ್ಲ, ವಾಪಸ್. ಕಾಡಿರೋ ದಿಣ್ಣಿ ಹಿಡೀರಿ, ನಾಲಾ ಹಿಡೀಬ್ಯಾಡ್ರಿ. ದೇವದಾರು ಗಿಡದ ಬುಡಕ್ಕ ಒರಗಾಕ ಹೋಗಬ್ಯಾಡ, ಸುತ್ತ ಟೊಳ್ಳ ಇರ್ತದ.

ಗಿಡ ಮುಗಿದ ಮ್ಯಾಲ ಗಾಳಿಗೆ ಗಟ್ಟಿಯಾದ ಬರ್ಫ ಬರ್ತದ. ಅಲ್ಲಿ ಅಡ್ಡ ನಡದ್ರ ಸ್ನೋಶೂ ಜಾರ್ತದ. ತಗದು ಕ್ರಾಂಪಾನ್ (ಬೂಟಿಗೆ ಕಟ್ಟೋ ಕಬ್ಬಿಣದ ಮುಳ್ಳು) ಹಾಕು, ಕೈಯಾಗ ಐಸ್ ಆ್ಯಕ್ಸ್ ಇರ್ಲಿ. ತುದಿ ಅಂಚಿನಾಗ ಗಾಳಿ ಬರ್ಫಿನ ಚಾಚು ಕಟ್ಟಿರ್ತದ, ಅದರ ಕೆಳಗ ಬರೇ ಗಾಳಿ. ಫೋಟೋ ಇಷ್ಟ ಇದ್ದವರು ಅಲ್ಲೇ ಹೋಗ್ತಾರ ನೋಡು.

ಬೀಕನ್ (ಹುಗಿದವ ಎಲ್ಲಿ ಅದಾನಂತ ಸಿಗ್ನಲ್ ಕೊಡೋ ಯಂತ್ರ), ಚುಚ್ಚಿ ಹುಡುಕೋ ಸಲಾಕಿ, ಸಲಿಕಿ, ಮೂರೂ ಒಬ್ಬೊಬ್ಬನ ಹತ್ರ ಬೇಕು. ಬರ್ಫಿನಾಗ ಮುಚ್ಚಿಹೋದವನಿಗೆ ಕಾಲು ಗಂಟೆ ದಾಟಿದ್ರ ಆಸೆ ಭಾಳ ಕಡಿಮಿ. ಕೆಳಗಿಂದ ಮಂದಿ ಬರೋ ತನಕ ಕಾಯೋ ಲೆಕ್ಕ ಅಲ್ಲಿ ನಡಿಯಂಗಿಲ್ಲ.

ಸೇಡಂ ಹುಡುಗಿ, ಈಗ ಡೆಹ್ರಾಡೂನ್

ಕಾಕಾ ಹೇಳಿದ್ದು ಬರಾಬರ್ ಅದ. ಒಂದೆರಡು ಮಾತು ಕೂಡಿಸ್ತೀನಿ. ಸ್ಯಾಟಲೈಟ್ ಫೋನ್, ಅದರ ಮೆಸೇಜ್ ಯಂತ್ರ ಯಾರೋ ಕೊಡ್ತೀನಿ ಅಂದ್ರ ತಗೋಬ್ಯಾಡ್ರಿ. ಸರ್ಕಾರದ ಪರವಾನಗಿ ಇಲ್ಲದೆ ಇಟ್ಕೊಂಡ್ರ ಕೇಸ್ ಆಗ್ತದ. ಹೋಗೋ ದಾರಿ, ವಾಪಸ್ ಬರೋ ಹೊತ್ತು ಬರೆದು ಸಾಂಕ್ರ್ಯಾಗ ಒಬ್ಬರ ಕೈಯಾಗ ಕೊಡ್ರಿ. ಅದು ಗೋವಿಂದ ಪಶು ವಿಹಾರ ಅಭಯಾರಣ್ಯದ ಸೀಮಿ, ಅರಣ್ಯ ಇಲಾಖೆ ಪರವಾನಗಿ ಬೇಕು. ಹಿಮಕುಸಿತದ ಮುನ್ಸೂಚನೆ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ, ಚಂಡೀಗಢದ ಡಿಜಿಆರ್‌ಇ ಕೊಡ್ತದ, ಉತ್ತರಕಾಶಿ ಜಿಲ್ಲಾದ್ದು ನೋಡ್ರಿ.

ಜನವರಿ ಅಂತಷ್ಟೇ ಅಂಜಬೇಕಂತಿಲ್ಲ. 2024ರ ಜೂನ್‌ನಾಗ ಉತ್ತರಾಖಂಡದ್ದೇ ಸಹಸ್ರತಾಲ್ ಕೆರಿ ಹಾದ್ಯಾಗ ನಮ್ಮ ಕರ್ನಾಟಕದವರೇ ಹೆಚ್ಚಿದ್ದ 22 ಮಂದಿ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡ್ರು. ಅದು ಬ್ಯಾಸಗಿ.

ತೊಗರಿನಾಡು, ಕಲಬುರಗಿ

30 ಇಂಚಿಂದೇ ಬಾಡಿಗಿ ತಗೋತೀವಿ. ನಕ್ಷೆದಾಗ ಇಳಿಜಾರು ನೋಡಿದೆ, ನಾವು ನೆನಸಿದ್ದ ದಾರಿ ಪೂರಾ ನಾಲಾದಾಗೇ ಅದ. ಎಡಕ್ಕ ಒಂದು ದಿಣ್ಣಿ ಕಾಣ್ತದ, ಉದ್ದ ಆಗ್ತದ, ಇರ್ಲಿ. ಅವ್ವ ಶೇಂಗಾ ಹೋಳಿಗಿ ಕಟ್ತೀನಿ ಅಂತಾಳ, ನಡೀತದೇನ್ರಿ ಕಾಕಾ?

ಮಾಜಿ ಹವಾಲ್ದಾರ್, ಶಹಾಪುರ

ಭಾಳ ಛಲೋ. ಒಳಗಿನ ಕಿಸೆದಾಗ ಇಟ್ಕೋ, ಚೀಲದಾಗಿಟ್ರ ಹಲ್ಲು ಹೋಗ್ತಾವ. ನೀರಿನ ಬಾಟ್ಲಿ ತಲಿಕೆಳಗ ಇಡು. ಮ್ಯಾಲಿನ ನೀರು ಮೊದಲು ಗಟ್ಟಿ ಆಗ್ತದ, ಬಾಯಿ ತೆರದಿರ್ತದ. ಗೈಡ್ ಹತ್ರ ಬೀಕನ್ ಅದನೋ ಇಲ್ಲೋ, ಇವತ್ತೇ ಫೋನ್ ಮಾಡಿ ಕೇಳು.